ನಾಯಿಮರಿಯ ಮನೆ ಆರೈಕೆ (ಕಲಬುರಗಿ ಪ್ರದೇಶ)

ನಾಯಿಮರಿಯ ಮನೆ ಆರೈಕೆ ಎಂದರೆ ಹೊಸದಾಗಿ ತಂದ ಮರಿಯ ಕೂದಲು, ಚರ್ಮ, ಉಗುರು, ಕಿವಿ, ಕಣ್ಣು ಮತ್ತು ಹಲ್ಲುಗಳನ್ನು ಸಾಕಿದವರೇ ಮನೆಯಲ್ಲಿ ಶುಚಿಯಾಗಿಟ್ಟು, ನಿಯತವಾಗಿ ಪರೀಕ್ಷಿಸುವ ಕ್ರಮ. ಇದನ್ನು ಸ್ನಾನಕ್ಕೂ ಅಂದಕ್ಕೂ ಸಂಬಂಧಿಸಿದ ಕೆಲಸವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಕಲಬುರಗಿ ಜಿಲ್ಲೆಯಂತಹ ಬಿಸಿಲಿನ ಪ್ರದೇಶದಲ್ಲಿ ಸ್ನಾನವು ಇದರ ಚಿಕ್ಕ ಭಾಗ ಮಾತ್ರ. ಉಣ್ಣಿಗಳನ್ನು ಹುಡುಕಿ ತೆಗೆಯುವುದು ಹಾಗೂ ಮನುಷ್ಯರ ಕೈ ಮೈಮೇಲೆ ಆಡುವುದನ್ನು ಮರಿಗೆ ರೂಢಿ ಮಾಡಿಸುವುದು ಇದರ ಮುಖ್ಯ ಉದ್ದೇಶಗಳು. ಉಣ್ಣಿಗಳಿಂದ ಹರಡುವ ಜ್ವರಗಳು ಎಳೆಯ ಮರಿಗಳ ಪ್ರಾಣಕ್ಕೇ ಎರವಾಗಬಲ್ಲವು.

ಪ್ರಾದೇಶಿಕ ಹಿನ್ನೆಲೆ

ಕಲಬುರಗಿ ನಗರದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗರಿಷ್ಠ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ನಗರದಿಂದ ಹುಮನಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ತಾಲ್ಲೂಕು ಕೇಂದ್ರ. ನಗರದಲ್ಲಿ ಮರಿಯು ಹೆಚ್ಚಾಗಿ ಕಲ್ಲುಹಾಸಿನ ಮನೆ ಮತ್ತು ಡಾಂಬರು ರಸ್ತೆಯ ನಡುವೆ ಬೆಳೆದರೆ, ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಹೊಲ, ದನದ ಕೊಟ್ಟಿಗೆ ಮತ್ತು ಎರೆ ಮಣ್ಣಿನ ನಡುವೆ ಬೆಳೆಯುತ್ತದೆ. ಎರಡೂ ಕಡೆಗಳಲ್ಲಿ ಆರೈಕೆಯ ತತ್ತ್ವ ಒಂದೇ ಆದರೂ ಕಷ್ಟಗಳು ಬೇರೆ.

ಈ ಭಾಗದಲ್ಲಿ ನಾಡ ನಾಯಿಗಳಲ್ಲದೆ ಮುಧೋಳ, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪೊಮೆರೇನಿಯನ್ ಮೊದಲಾದ ತಳಿಗಳನ್ನೂ ಸಾಕುತ್ತಾರೆ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಅಂಚೆಚೀಟಿಯಲ್ಲಿ ಸ್ಥಾನ ಪಡೆದ ಮುಧೋಳ ನಾಯಿಗೆ ಗಿಡ್ಡನೆಯ, ಮೈಗಂಟಿದ ಕೂದಲಿದ್ದು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿದರೂ ಸಾಕಾಗುತ್ತದೆ. ನಾಡ ನಾಯಿಗೂ ಇದೇ ಮಾತು ಸಲ್ಲುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮತ್ತು ಪೊಮೆರೇನಿಯನ್ ತಳಿಗಳಿಗೆ ಎರಡು ಪದರಗಳ ಕೂದಲಿದೆ. ಬೇಸಿಗೆ ಬಂತೆಂದು ಇವುಗಳ ಮೈಯನ್ನು ಬೋಳಿಸುವ ರೂಢಿ ಹಲವೆಡೆ ಕಂಡುಬರುತ್ತದೆ. ಅದರಿಂದ ಚರ್ಮವು ನೇರ ಬಿಸಿಲಿಗೆ ಒಡ್ಡಿಕೊಳ್ಳುತ್ತದೆ; ಕೂದಲು ಮತ್ತೆ ಮೊದಲಿನಂತೆ ಬಾರದೆ ಹೋಗುವುದೂ ಉಂಟು. ಉದುರಿದ ಒಳಗೂದಲನ್ನು ಬಾಚಿ ತೆಗೆದು, ನೆರಳು ಮತ್ತು ನೀರನ್ನು ಒದಗಿಸುವುದೇ ಸರಿಯಾದ ಉಪಾಯ.

ಮೊದಲ ವಾರಗಳು

ತಾಯಿಯಿಂದ ತೀರ ಬೇಗ ಬೇರ್ಪಟ್ಟ ಮರಿ ಸುಲಭವಾಗಿ ಕಾಯಿಲೆ ಬೀಳುತ್ತದೆ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳು 8 ವಾರ ತುಂಬದ ಮರಿಗಳ ಮಾರಾಟವನ್ನು ನಿಷೇಧಿಸುತ್ತವೆ. ಅದಕ್ಕಿಂತ ಎಳೆಯ ಮರಿ ಹೇಗೋ ಮನೆ ಸೇರಿದ್ದರೆ ಅದಕ್ಕೆ ಸ್ನಾನ ಮಾಡಿಸದೆ, ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಕೂಡಲೇ ಒಣಗಿಸಬೇಕು. ಎಳೆಯ ಮರಿಗಳು ಮೈಶಾಖವನ್ನು ಕಾಯ್ದುಕೊಳ್ಳಲಾರವು.

ಮರಿಯ ಸ್ವಭಾವ ರೂಪುಗೊಳ್ಳುವುದು ಸುಮಾರು 3ರಿಂದ 14 ವಾರಗಳ ಅವಧಿಯಲ್ಲಿ. ಈ ಅವಧಿಯಲ್ಲಿ ದಿನಕ್ಕೆರಡು ಬಾರಿ, ಒಂದೆರಡು ನಿಮಿಷಗಳ ಕಾಲ ಮಾತ್ರ, ಮರಿಯ ಪಾದಗಳನ್ನು ಹಿಡಿದು, ಬೆರಳುಗಳ ಸಂದು ಬಿಡಿಸಿ, ಕಿವಿ ಮಡಚಿ, ತುಟಿ ಎತ್ತಿ ನೋಡಿ, ಬಳಿಕ ರೊಟ್ಟಿಯ ಚೂರನ್ನೋ ಬೇಯಿಸಿದ ಮೊಟ್ಟೆಯ ತುಣುಕನ್ನೋ ಕೊಡಲಾಗುತ್ತದೆ. ಮರಿ ಕೊಸರಾಡಿದರೆ ಬಲವಂತ ಮಾಡದೆ ನಿಲ್ಲಿಸಿ, ಮುಂದಿನ ಸಲ ಇನ್ನೂ ಕಡಿಮೆ ಹೊತ್ತು ಹಿಡಿಯಬೇಕು. ಈ ಅಭ್ಯಾಸವನ್ನು ಹೆಚ್ಚಿನವರು ಆಟವೆಂದು ತಳ್ಳಿಹಾಕುತ್ತಾರೆ. ಆದರೆ ಬಾಯಿ ತೆರೆಯಲು ಬಿಡದ, ಪಾದ ಮುಟ್ಟಿದರೆ ಕಚ್ಚುವ 25 ಕಿಲೋಗ್ರಾಂ ತೂಕದ ನಾಯಿಗೆ ಚಿಕಿತ್ಸೆ ನೀಡುವುದು ವೈದ್ಯರಿಗೂ ಕಠಿಣವಾಗುತ್ತದೆ.

ಇದೇ ಅವಧಿಯಲ್ಲಿ ಲಸಿಕೆಗಳೂ ನಡೆಯುತ್ತಿರುತ್ತವೆ. ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ವಿರುದ್ಧದ ಲಸಿಕೆಯನ್ನು 6ರಿಂದ 8ನೆಯ ವಾರದಲ್ಲಿ ಆರಂಭಿಸಿ, 3-4 ವಾರಗಳಿಗೊಮ್ಮೆ ಸುಮಾರು 16ನೆಯ ವಾರದವರೆಗೆ ಮುಂದುವರಿಸಲಾಗುತ್ತದೆ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳು ತುಂಬಿದಾಗ ಹಾಕುತ್ತಾರೆ. ಪಾರ್ವೊ ವೈರಸ್ ನೆಲದಲ್ಲಿ ಹಲವು ತಿಂಗಳು ಉಳಿಯಬಲ್ಲುದಾದ್ದರಿಂದ, ಲಸಿಕೆ ಪೂರ್ಣಗೊಳ್ಳುವ ಮೊದಲು ಬೇರೆ ನಾಯಿಗಳಿಗೆ ಬಳಸಿದ ಬಾಚಣಿಗೆ, ಟವೆಲ್ ಅಥವಾ ಮೇಜುಗಳಿಂದ ಮರಿಯನ್ನು ದೂರವಿಡುವುದು ಅಗತ್ಯ. ಮನೆಯಲ್ಲೇ ಆರೈಕೆ ಮಾಡುವುದರ ಬಹು ದೊಡ್ಡ ಲಾಭ ಇದೇ.

ಉಣ್ಣಿಗಳು

ಉಣುಗು ಎಂದೂ ಕರೆಯಲಾಗುವ ಉಣ್ಣಿ ಹಲವು ಬಗೆಗಳಲ್ಲಿದ್ದು, ನಾಯಿಗಳನ್ನು ಹೆಚ್ಚಾಗಿ ಕಾಡುವುದು ಕಂದುಬಣ್ಣದ ನಾಯಿ ಉಣ್ಣಿ. ಇದು ಮರಿ, ಎಳೆಯ ಮತ್ತು ಪ್ರೌಢ ಈ ಮೂರು ಹಂತಗಳಲ್ಲೂ ನಾಯಿಯ ರಕ್ತವನ್ನು ಹೀರಿ, ಪ್ರತಿ ಸಲವೂ ಮೈಯಿಂದ ಕೆಳಗಿಳಿಯುತ್ತದೆ. ರಕ್ತ ಕುಡಿದು ಊದಿದ ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆಗಳನ್ನು ಬಿರುಕುಗಳಲ್ಲಿ ಇಡುತ್ತದೆ. ಆದ್ದರಿಂದ ಮರಿಯ ಮೈಮೇಲೆ ಕಾಣುವ ಉಣ್ಣಿಗಳು ಮನೆಯಲ್ಲಿರುವ ಉಣ್ಣಿಗಳ ಸಣ್ಣ ಪಾಲು ಮಾತ್ರ. ಜಿಲ್ಲೆಯ ಹಳೆಯ ಮನೆಗಳಲ್ಲಿ ವ್ಯಾಪಕವಾಗಿರುವ ಶಹಾಬಾದ್ ಕಲ್ಲಿನ ಹಾಸಿನ ಸಂದುಗಳು ಮತ್ತು ಕಲ್ಲುಗೋಡೆಯ ಬಿರುಕುಗಳು ಇವುಗಳಿಗೆ ಹೇಳಿ ಮಾಡಿಸಿದ ತಾಣ. ಸಂಜೆ ಹೊತ್ತು ಗೋಡೆ ಹತ್ತುತ್ತಿರುವ ಉಣ್ಣಿಗಳು ಕಂಡರೆ ಮರಿಗೆ ಔಷಧ ಹಾಕಿದ್ದಷ್ಟೇ ಸಾಲದೆಂದು ತಿಳಿಯಬೇಕು. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಹಾಸಿಗೆಬಟ್ಟೆಯನ್ನು ಕುದಿಯುವ ನೀರಿನಲ್ಲಿ ತೊಳೆಯಬೇಕಾಗುತ್ತದೆ.

ಕಂದು ಉಣ್ಣಿಯು ಎರ್ಲಿಕಿಯೋಸಿಸ್ ಮತ್ತು ಬೇಬೀಸಿಯೋಸಿಸ್ ಎಂಬ ರೋಗಗಳನ್ನು ಹರಡುತ್ತದೆ. ಜ್ವರ, ಊಟ ಬಿಡುವುದು, ಬಿಳಿಚಿದ ವಸಡು, ಮೂಗಿನಿಂದ ರಕ್ತ ಬರುವುದು, ಕೆಂಪು ಅಥವಾ ಕಂದುಬಣ್ಣದ ಮೂತ್ರ ಇವುಗಳಲ್ಲಿ ಯಾವುದೊಂದು ಕಂಡರೂ ಕಾಯದೆ ಪಶುವೈದ್ಯರಿಗೆ ತೋರಿಸಬೇಕು. ಆರೋಗ್ಯವಂತ ಮರಿಯ ವಸಡು ಹೇಗಿರುತ್ತದೆ ಎಂಬುದನ್ನು ಮೊದಲೇ ನೋಡಿಟ್ಟುಕೊಂಡವರಿಗೆ ಮಾತ್ರ ಬಿಳಿಚಿದ ವಸಡಿನ ಗುರುತು ಹತ್ತುತ್ತದೆ.

ಬೇಸಿಗೆ ಮತ್ತು ಮಳೆಗಾಲಗಳಲ್ಲಿ ದಿನಕ್ಕೊಮ್ಮೆ ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕೊರಳಪಟ್ಟಿಯ ಅಡಿ, ಕಂಕುಳು ಹಾಗೂ ಬಾಲದ ಬುಡವನ್ನು ಬೆರಳಿನಿಂದ ತಡವಿ ನೋಡುವುದು ವಾಡಿಕೆ. ಸಿಕ್ಕ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು, ಸ್ಪಿರಿಟ್ಟಿನಲ್ಲಿ ಹಾಕಲಾಗುತ್ತದೆ. ಅದನ್ನು ಉಗುರಿನಿಂದ ಹೊಸಕುವುದು, ಅಗರಬತ್ತಿಯಿಂದ ಸುಡುವುದು, ಸೀಮೆಎಣ್ಣೆ ಸವರುವುದು ತಪ್ಪು ಕ್ರಮಗಳು. ಸೀಮೆಎಣ್ಣೆಯು ಚರ್ಮವನ್ನು ಸುಡುತ್ತದೆ. ನೆಕ್ಕಿದರೆ ಶ್ವಾಸಕೋಶಕ್ಕೂ ಹಾನಿ ಮಾಡುತ್ತದೆ.

ಇದಕ್ಕಿಂತ ಗಂಭೀರವಾದ ಅಪಾಯ ಇನ್ನೊಂದಿದೆ. ಕಲಬುರಗಿ ಜಿಲ್ಲೆಯು ತೊಗರಿಯ ಕಣಜವೆಂದೇ ಪ್ರಸಿದ್ಧವಾಗಿದ್ದು, ಕಾಯಿಕೊರಕಕ್ಕೆ ಸಿಂಪಡಿಸುವ ಕೀಟನಾಶಕಗಳು ಅನೇಕ ರೈತರ ಮನೆಗಳಲ್ಲಿ ಇರುತ್ತವೆ. ಇವುಗಳನ್ನಾಗಲಿ, ದನಗಳ ಉಣ್ಣಿಗೆ ತಂದ ಔಷಧವನ್ನಾಗಲಿ ಅಳತೆಯಿಲ್ಲದೆ ಮರಿಯ ಮೈಗೆ ಹಚ್ಚಿದರೆ ಜೊಲ್ಲು ಸುರಿಯುವುದು, ನಡುಕ, ಸೆಳವು ಉಂಟಾಗಿ ಮರಿ ಸಾಯಬಹುದು. ಆಕಳಿಗೆ ಒಗ್ಗುವ ಔಷಧ ಎರಡು ಕಿಲೋಗ್ರಾಂ ತೂಕದ ಮರಿಗೂ ಒಗ್ಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಂಥದ್ದೇನಾದರೂ ಹಚ್ಚಿದ್ದರೆ ಸಾಬೂನು ಮತ್ತು ಹೆಚ್ಚು ನೀರಿನಿಂದ ಕೂಡಲೇ ತೊಳೆದು, ಔಷಧದ ಡಬ್ಬಿಯೊಂದಿಗೆ ವೈದ್ಯರ ಬಳಿ ಒಯ್ಯಬೇಕು. ನಾಯಿಗಳಿಗೆಂದೇ ತಯಾರಾದ ಫಿಪ್ರೊನಿಲ್ ಸಿಂಪಡಣೆ ಮತ್ತು ಮಾತ್ರೆಗಳು ಲಭ್ಯವಿದ್ದು, ಅವುಗಳನ್ನು ಮರಿಯ ವಯಸ್ಸು ಮತ್ತು ತೂಕ ನೋಡಿ ವೈದ್ಯರು ಸೂಚಿಸುತ್ತಾರೆ.

ಸ್ನಾನ

ಗಿಡ್ಡ ಕೂದಲಿನ ಮರಿಗೆ ತಿಂಗಳಿಗೊಮ್ಮೆ ಸ್ನಾನ ಸಾಕು. ನಾಯಿಯ ಚರ್ಮವು ಮನುಷ್ಯರ ಚರ್ಮಕ್ಕಿಂತ ತೆಳುವಾಗಿದ್ದು, ಅದರ ಪಿಎಚ್ ಮಟ್ಟ ಮನುಷ್ಯರ ಚರ್ಮದಷ್ಟು ಆಮ್ಲೀಯವಲ್ಲ. ಹೀಗಾಗಿ ಮನುಷ್ಯರ ಶಾಂಪೂ, ಬಟ್ಟೆ ಸೋಪು, ಪಾತ್ರೆ ತೊಳೆಯುವ ದ್ರವಗಳಿಂದ ಚರ್ಮ ಒಣಗಿ ತುರಿಕೆ ಹತ್ತುತ್ತದೆ. ಸೀಗೆಪುಡಿ ಕಣ್ಣಿಗೆ ಬಿದ್ದರೆ ತೀವ್ರವಾಗಿ ಉರಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಶಾಂಪೂ ಸರಿಯಾಗಿ ನೊರೆಯಾಗದೆ ಕೂದಲಿನಲ್ಲೇ ಉಳಿಯುವುದರಿಂದ, ಹಚ್ಚಿದ್ದಕ್ಕಿಂತ ಎರಡರಷ್ಟು ಹೊತ್ತು ತೊಳೆಯಬೇಕು. ಸ್ನಾನಕ್ಕೆ ಮೊದಲೇ ಕೂದಲಿನ ಗಂಟುಗಳನ್ನು ಬಾಚಿ ಬಿಡಿಸದಿದ್ದರೆ ಅವು ನೀರು ತಾಗಿ ಬಿಗಿಯುತ್ತವೆ. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ, ಬೇಸಿಗೆಯಲ್ಲಿ ಬೆಳಗಿನ ಹೊತ್ತು ಸ್ನಾನ ಮಾಡಿಸುವುದು ಸೂಕ್ತ. ಮನೆಯ ಮೇಲಿನ ತೊಟ್ಟಿಯ ನೀರು ಮೇ ತಿಂಗಳ ಮಧ್ಯಾಹ್ನ ಮೈ ಸುಡುವಷ್ಟು ಕಾದಿರುತ್ತದೆ ಎಂಬುದನ್ನು ಮರೆಯಬಾರದು.

ಮರಿ ಮಲಗುವ ನೆಲವನ್ನು ಫಿನಾಯಿಲ್‌ನಿಂದ ಒರೆಸಿದ್ದರೆ, ಅದು ಪೂರ್ತಿ ಒಣಗುವವರೆಗೆ ಮರಿಯನ್ನು ಬಿಡಬಾರದು. ಪಾದಕ್ಕಂಟಿದ ಫಿನಾಯಿಲನ್ನು ಮರಿ ನೆಕ್ಕುತ್ತದೆ.

ಪಾದ ಮತ್ತು ಉಗುರು

ಮಳೆಗಾಲದಲ್ಲಿ ಕಮಲಾಪುರದ ಕಡೆಯ ಎರೆ ಮಣ್ಣು ಬೆರಳುಗಳ ಸಂದಿನಲ್ಲಿ ಮೆತ್ತಿಕೊಂಡು, ಒಣಗಿದಾಗ ಕಲ್ಲಿನಂತಾಗುತ್ತದೆ. ಅದನ್ನು ಕಿತ್ತರೆ ಕೂದಲೂ ಚರ್ಮವೂ ಕಿತ್ತುಬರುತ್ತವೆ. ಪಾದವನ್ನು ಐದು ನಿಮಿಷ ನೀರಿನಲ್ಲಿ ನೆನೆಸಿದರೆ ತಾನಾಗಿ ಬಿಡುತ್ತದೆ. ಹೊಲದಿಂದ ಬಂದ ಮರಿಯ ಪಾದದಲ್ಲಿ ಜಾಲಿಮುಳ್ಳು ಮುರಿದು ಉಳಿದಿರುವುದೂ ಸಾಮಾನ್ಯ. ನಗರದಲ್ಲಿ ಕಾದ ಡಾಂಬರಿನ ಸಮಸ್ಯೆ ಹೆಚ್ಚು. ಅಂಗೈಯ ಹಿಂಬದಿಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆ ಮರಿಯ ಪಾದಕ್ಕೂ ಬಿಸಿಯೇ.

ಉಗುರಿನ ಒಳಗೆ ರಕ್ತನಾಳವಿರುವ ಜೀವಭಾಗವಿದೆ. ಬಿಳಿ ಉಗುರಿನಲ್ಲಿ ಅದು ನಸುಗೆಂಪಾಗಿ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ಆದ್ದರಿಂದ ತುದಿಯನ್ನು ಒಂದೆರಡು ಮಿಲಿಮೀಟರಿನಷ್ಟೇ ಕತ್ತರಿಸಬೇಕು. ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟನ್ನು ಒತ್ತಿ ಹಿಡಿಯಲಾಗುತ್ತದೆ. ಮುಂಗಾಲಿನ ಒಳಬದಿಯ ಮೇಲುಗುರು ನೆಲಕ್ಕೆ ತಾಗದೆ ಸವೆಯದಿರುವುದರಿಂದ ಸುರುಳಿಯಾಗಿ ಬೆಳೆದು ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಹೆಚ್ಚಿನವರ ಕಣ್ಣಿಗೆ ಬೀಳದೆ ಹೋಗುವುದು ಇದೇ ಉಗುರು.

ಕಿವಿ, ಕಣ್ಣು, ಹಲ್ಲು

ಕಿವಿಯ ಹೊರಭಾಗವನ್ನು ಹತ್ತಿಯಿಂದ ಒರೆಸಬಹುದು. ಕಡ್ಡಿಯನ್ನು ಒಳಗೆ ಹಾಕಬಾರದು. ದುರ್ವಾಸನೆ ಅಥವಾ ಕಪ್ಪು ಕಸರು ಕಂಡರೆ ಅದು ಸೋಂಕಿನ ಅಥವಾ ಹುಳದ ಲಕ್ಷಣ. ಕಣ್ಣಿನ ಪಿಚ್ಚನ್ನು ಪ್ರತಿ ಕಣ್ಣಿಗೂ ಬೇರೆ ಒದ್ದೆ ಹತ್ತಿಯಿಂದ ತೆಗೆಯಬೇಕು. ಮರಿಯ 28 ಹಾಲುಹಲ್ಲುಗಳು ಸುಮಾರು ನಾಲ್ಕನೆಯ ತಿಂಗಳಿನಿಂದ ಉದುರತೊಡಗಿ, ಏಳು ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಬರುತ್ತವೆ. ಮನುಷ್ಯರ ಟೂತ್‌ಪೇಸ್ಟ್ ಬಳಸುವಂತಿಲ್ಲ. ಅದರಲ್ಲಿರಬಹುದಾದ ಜೈಲಿಟಾಲ್ ನಾಯಿಗಳಿಗೆ ವಿಷ.

ಮಕ್ಕಳು ಮತ್ತು ಸುರಕ್ಷತೆ

ಮರಿಯ ಮೈಮೇಲಿನ ದುಂಡನೆಯ ಬೋಳು ಕಲೆಗಳು ಹುಳುಕಡ್ಡಿಯಾಗಿದ್ದರೆ ಮನೆಯವರಿಗೂ ಹರಡುತ್ತದೆ. ಮರಿಯೆಂಬ ಕಾರಣಕ್ಕೆ ರೇಬೀಸ್ ಇರುವುದಿಲ್ಲವೆಂಬ ನಂಬಿಕೆ ತಪ್ಪು. ಉಗುರು ಕತ್ತರಿಸುವಾಗಲೋ ಆಟದಲ್ಲೋ ಮರಿಯ ಹಲ್ಲು ಅಥವಾ ಉಗುರು ತಾಗಿ ಗೀರಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅರಿಶಿನ ಅಥವಾ ಖಾರದಪುಡಿ ಮೆತ್ತದೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮರಿ ಚಿಕ್ಕದೆಂದೋ ಬೈಯುತ್ತಾರೆಂಬ ಭಯಕ್ಕೋ ಮಕ್ಕಳು ಇಂಥ ಗೀರುಗಳನ್ನು ಮುಚ್ಚಿಡುವುದುಂಟು. ಕೇಳಿ ತಿಳಿಯುವುದು ಹಿರಿಯರ ಕೆಲಸ.

ಪಶುವೈದ್ಯಕೀಯ ನೆರವು

ಕಲಬುರಗಿ ನಗರದಲ್ಲೂ ತಾಲ್ಲೂಕು ಕೇಂದ್ರಗಳಲ್ಲೂ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳಿವೆ. ಕಮಲಾಪುರದಿಂದ ಹುಮನಾಬಾದ್ ದಾಟಿ ಹೋದರೆ ಸಿಗುವ ಬೀದರ್‌ನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದ್ದು, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿರುವ ಮುಧೋಳ ತಳಿಯ ಶ್ವಾನ ಸಂಶೋಧನಾ ಕೇಂದ್ರವೂ ಇದರ ಅಡಿಯಲ್ಲಿದೆ.