ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು



ಹೊರಗಿನವರಿಗೆ ಬೇಲೆಕೇರಿ ಎಂದರೆ 2010ರಲ್ಲಿ ಪತ್ರಿಕೆಗಳ ಮುಖಪುಟಕ್ಕೆ ಬಂದ ಅದಿರಿನ ಬಂದರು. ನನ್ನ ಮನಸ್ಸಿನಲ್ಲಿರುವ ಬೇಲೆಕೇರಿ ಬೇರೆ. ಅದು ಇಳಿತದ ಹೊತ್ತಿನಲ್ಲಿ ಗಟ್ಟಿಯಾಗಿ ಹಾಸಿಕೊಳ್ಳುವ ಮಳಲು. ಆ ಮಳಲಿನ ಮೇಲೆ 1987ರಲ್ಲಿ ನಾನೇ ಕಾಲಿನಿಂದ ಎಳೆದ ಒಂದು ಗೆರೆ. ಅಲೆ ಬಂದು ಅದನ್ನು ಅಂದೇ ಅಳಿಸಿತು. ನನ್ನೊಳಗೆ ಅದು ಇನ್ನೂ ಅಳಿಸಿಲ್ಲ. ಈ ಲೇಖನ ಆ ಗೆರೆಯನ್ನು ಕುರಿತದ್ದು. ಆಟದ ಆರಂಭದ ಗೆರೆಯನ್ನು ಎಲ್ಲಿ ಎಳೆಯಬೇಕು, ಯಾರಿಗಾಗಿ ಎಳೆಯಬೇಕು ಎಂಬ ಪ್ರಶ್ನೆಗೆ ಸಣ್ಣದಲ್ಲದ ಒಂದು ಇತಿಹಾಸವಿದೆ. ಇತಿಹಾಸದ ಮಾಸ್ತರನಾಗಿದ್ದೂ ನಾನು ಅದನ್ನು ಓದಿದ್ದು ನಿವೃತ್ತಿಯ ನಂತರ.

ಆಗ ನಾನಿದ್ದ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಿರಲಿಲ್ಲ. ಹೊಸದಾಗಿ ಬಂದವನೆಂದು ಆಟದ ಉಸ್ತುವಾರಿ ನನ್ನ ತಲೆಗೆ ಬಿತ್ತು. ಚೆಂಡೆಸೆದು ಗೂಟ ಬೀಳಿಸುವ ಸ್ಪರ್ಧೆಯೊಂದನ್ನು ಬೇಲೆಕೇರಿಯ ಕಡಲತೀರದಲ್ಲಿ ಏರ್ಪಡಿಸಿದೆ. ಗೂಟದಿಂದ ಇಪ್ಪತ್ತು ಹೆಜ್ಜೆ ಎಣಿಸಿ ಗೆರೆ ಎಳೆದೆ. ಎಂಟನೆಯ ತರಗತಿಯಿಂದ ಹತ್ತರವರೆಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಎಲ್ಲರಿಗೂ ಅದೇ ಗೆರೆ. ಅದೇ ವಾರ ತರಗತಿಯಲ್ಲಿ ಫ್ರೆಂಚ್ ಕ್ರಾಂತಿಯ ಪಾಠ ಮಾಡಿದ್ದೆ. ಸಮಾನತೆಯ ಮಾತು ನಾಲಿಗೆಯ ಮೇಲೆ ಬೆಚ್ಚಗಿತ್ತು.

ಎಂಟನೆಯ ತರಗತಿಯ ಒಬ್ಬ ಪುಟ್ಟ ಹುಡುಗಿಯ ಸರದಿ ಬಂತು. ಎರಡು ಬಾರಿ ಎಸೆದಳು. ಗುರಿ ನೇರವಾಗಿಯೇ ಇತ್ತು, ಆದರೆ ಚೆಂಡು ಗೂಟ ಮುಟ್ಟುವ ಮೊದಲೇ ಮಳಲಿನಲ್ಲಿ ಹೂತು ನಿಂತಿತು. ಅವಳು ಗೆರೆಯಿಂದ ಏಳೆಂಟು ಹೆಜ್ಜೆ ಮುಂದೆ ಹೋಗಿ, “ಸರ್, ನಾ ಇಲ್ಲಿಂದ ಒಗೀಲಾ?” ಎಂದು ಕೇಳಿದಳು. “ಗೆರೆ ಎಲ್ಲರಿಗೂ ಒಂದೇ” ಎಂದೆ. ಅವಳ ಮುಖ ನೋಡಿ ಕನಿಕರವಾಗಿ, “ಬೇಕಾದರೆ ಒಗೆ. ಆದರೆ ಲೆಕ್ಕಕ್ಕಿಲ್ಲ” ಎಂದು ಸೇರಿಸಿದೆ. ಸುತ್ತ ನಿಂತಿದ್ದವರು ನಕ್ಕರು. ಅವಳು ಚೆಂಡನ್ನು ಮಳಲಿನ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದಳು. ಆ ಶಾಲೆಯಲ್ಲಿದ್ದ ಮೂರು ವರ್ಷವೂ ಅವಳು ಮತ್ತೆ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ. ನಾನೂ ಕರೆದು ಕೇಳಲಿಲ್ಲ.

ನಮ್ಮ ಚಿಣ್ಣಿದಾಂಡಿನ ದಿನಗಳನ್ನು ನೆನೆಯಿರಿ. ದೊಡ್ಡವರ ಆಟಕ್ಕೆ ಚಿಕ್ಕ ಮಗುವೊಂದು ಹಟಹಿಡಿದು ಬಂದರೆ ಅದಕ್ಕೆ ಕೊಡುತ್ತಿದ್ದ ಪದವಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಬೇಲಿಯೊಳಗೆ ಬಿದ್ದ ಚಿಣ್ಣಿಯನ್ನು ಹುಡುಕಿ ತರುವುದು ಅದರ ಕೆಲಸ. ಮಗು ಅದರಲ್ಲೇ ಸಂತೋಷವಾಗಿರುತ್ತದೆ ಎಂದು ನಾವು ನಂಬಿದ್ದೆವು. ಹದಿಮೂರು ವರ್ಷದ ಹುಡುಗಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಈ ನೆನಪನ್ನು ಮತ್ತೆ ಕೆದಕಿದ್ದು 2023ರಲ್ಲಿ ಅಮೆರಿಕದ ಮಗಳ ಮನೆಗೆ ಹೋದಾಗ. ಹತ್ತು ವರ್ಷದ ಮೊಮ್ಮಗ ನನ್ನನ್ನು ಊರಿನ ಉದ್ಯಾನಕ್ಕೆ ಕರೆದೊಯ್ದ. ಅಲ್ಲಿ ಮರಗಳ ನಡುವೆ ಕಬ್ಬಿಣದ ಕಂಬಗಳು. ಪ್ರತಿಯೊಂದು ಕಂಬಕ್ಕೂ ಒಂದು ಬುಟ್ಟಿ, ಅದರ ಮೇಲೆ ಇಳಿಬಿದ್ದ ಸರಪಳಿಗಳು. ನಮ್ಮ ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಎಸೆದು, ಬಿದ್ದಲ್ಲಿಂದ ಮತ್ತೆ ಎಸೆದು, ಆದಷ್ಟು ಕಡಿಮೆ ಎಸೆತಗಳಲ್ಲಿ ಬುಟ್ಟಿಗೆ ಸೇರಿಸಬೇಕು. ಇದಕ್ಕೆ ಡಿಸ್ಕ್ ಗಾಲ್ಫ್ ಎಂದು ಹೆಸರು. ಮೊದಲ ಎಸೆತಕ್ಕೆ ನಿಲ್ಲುವ ಸಿಮೆಂಟಿನ ಕಟ್ಟೆಗೆ ‘ಟೀ’ ಎನ್ನುತ್ತಾರೆ; ನಾವು ಕುಡಿಯುವ ಟೀ ಅಲ್ಲ. ಒಂದೊಂದು ಬುಟ್ಟಿಗೂ ಅಲ್ಲಿ ಎರಡೆರಡು ಕಟ್ಟೆಗಳಿದ್ದವು. ಒಂದು ದೂರದ್ದು, ಒಂದು ಹತ್ತಿರದ್ದು.

ನಾನು ನೇರವಾಗಿ ದೂರದ ಕಟ್ಟೆ ಏರಿದೆ. ಅಂಕೋಲೆಯ ಮಾಸ್ತರ ಹತ್ತಿರದ ಕಟ್ಟೆಯಿಂದ ಆಡುವುದೆಂದರೇನು? ಬುಟ್ಟಿ ಸುಮಾರು ಮುನ್ನೂರು ಅಡಿ ದೂರದಲ್ಲಿತ್ತು. ನನ್ನ ಬಿಲ್ಲೆ ನೂರು ಅಡಿಯನ್ನೂ ಕಾಣದೆ ಪೊದೆಯೊಳಗೆ ಹೊಕ್ಕಿತು. ಏಳನೆಯ ಎಸೆತಕ್ಕೆ ಬುಟ್ಟಿ ಸೇರಿತು. ಮೂರು ಬುಟ್ಟಿ ಮುಗಿಯುವಷ್ಟರಲ್ಲಿ ಭುಜ ನೋಯತೊಡಗಿತು, ಹಿಂದಿನ ತಂಡ ಕಾಯುತ್ತ ನಿಂತಿತ್ತು. ಆಗ ಮೊಮ್ಮಗ, “ಅಜ್ಜ, ಮುಂದಿನ ಕಟ್ಟೆಯಿಂದ ಒಗೆ. ಅದಕ್ಕೂ ಲೆಕ್ಕ ಇದೆ” ಎಂದ.

ಲೆಕ್ಕ ಎಂಬ ಮಾತು ಕೇಳಿದೊಡನೆ ನನ್ನ ಕಣ್ಣಮುಂದೆ ಬಂದದ್ದು ಬೇಲೆಕೇರಿಯ ಮಳಲು.

ಮನೆಗೆ ಬಂದು ಈ ‘ಟೀ’ಯ ಚರಿತ್ರೆಯನ್ನು ಹುಡುಕಿ ಓದಿದೆ. ಮೂಲ ಗಾಲ್ಫ್ ಆಟದಲ್ಲಿ ಇಂಥ ಆಯ್ಕೆಯೇ ಇರಲಿಲ್ಲ. 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಬರೆದಿಟ್ಟ ಹದಿಮೂರು ನಿಯಮಗಳು ಆ ಆಟದ ಅತ್ಯಂತ ಹಳೆಯ ಲಿಖಿತ ನಿಯಮಗಳು. ಅವುಗಳಲ್ಲಿ ಮೊದಲನೆಯದೇ ಟೀಯನ್ನು ಕುರಿತದ್ದು. ಆಗಷ್ಟೇ ಚೆಂಡು ಹಾಕಿದ ಕುಳಿಯಿಂದ ಒಂದು ಕೋಲಿನ ಅಳತೆಯೊಳಗೆ ಮುಂದಿನ ಆಟ ಆರಂಭಿಸಬೇಕು ಎಂಬುದು ಅದರ ಸಾರ. ಒಂದು ಚಿಟಿಕೆ ಮರಳಿನ ಗುಡ್ಡೆ ಮಾಡಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಿದ್ದರು. ಆಡುವವರು ಹೆಚ್ಚಾಗಿ ಗಂಡಸರು. ಗೆರೆಯ ಪ್ರಶ್ನೆ ಏಳುವುದಾದರೂ ಹೇಗೆ? ಆರಂಭಕ್ಕೆಂದೇ ಪ್ರತ್ಯೇಕ ಜಾಗ ಗುರುತಿಸುವ ಪದ್ಧತಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಹೊತ್ತಿಗೆ ಆಟ ನಮ್ಮ ನಾಡಿಗೂ ಬಂದಿತ್ತು. ಕಲ್ಕತ್ತೆಯ ಗಾಲ್ಫ್ ಕ್ಲಬ್ಬು 1829ರದು, ಬೆಂಗಳೂರಿನದು 1876ರದು.

ಹೆಂಗಸರು ಆಟಕ್ಕೆ ಬಂದಾಗ ಪ್ರಶ್ನೆ ಎದ್ದಿತು. 1867ರಲ್ಲಿ ಸೇಂಟ್ ಆಂಡ್ರೂಸ್ ಊರಿನಲ್ಲಿ ಮಹಿಳೆಯರ ಕ್ಲಬ್ಬು ಆರಂಭವಾಯಿತು. ಆದರೆ ಹೆಣ್ಣು ಭುಜಕ್ಕಿಂತ ಮೇಲೆ ಕೋಲೆತ್ತುವುದು ಸಭ್ಯವಲ್ಲ ಎಂಬ ಭಾವನೆ ಆ ಕಾಲದಲ್ಲಿ ಗಟ್ಟಿಯಾಗಿತ್ತು. ಆದ್ದರಿಂದ ಅವರ ಪಾಲಿಗೆ ಬಂದದ್ದು ಚೆಂಡನ್ನು ಮೆಲ್ಲಗೆ ತಳ್ಳುವ ಪುಟ್ಟ ಅಂಗಳ. ಇದೂ ಒಂದು ಹತ್ತಿರದ ಗೆರೆಯೇ. ಆದರೆ ಅವರ ತೋಳಿನ ಬಲವನ್ನು ನೋಡಿ ಎಳೆದದ್ದಲ್ಲ; ‘ನೀವು ಇಷ್ಟೇ’ ಎಂದು ಮೊದಲೇ ತೀರ್ಮಾನಿಸಿ ಎಳೆದದ್ದು. ಹತ್ತಿರದ ಗೆರೆಯೆಲ್ಲವೂ ನ್ಯಾಯದ ಗೆರೆಯಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಎರಡು ಬಗೆಯ ಗೆರೆಗಳನ್ನೂ ಒಂದೇ ಕಡೆ ನೋಡಬೇಕಾದರೆ 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸನ್ನು ನೋಡಬೇಕು. ಮಹಿಳೆಯರಿಗೆ ಅಥ್ಲೆಟಿಕ್ಸಿನಲ್ಲಿ ಪ್ರವೇಶ ದೊರೆತ ಮೊದಲ ಒಲಿಂಪಿಕ್ಸ್ ಅದು. ಅಲ್ಲಿ ಅವರ ಚಕ್ರ ಎಸೆತಕ್ಕೆ ಒಂದು ಕಿಲೋ ತೂಕದ ಚಕ್ರ ಕೊಟ್ಟರು. ಗಂಡಸರದು ಎರಡು ಕಿಲೋ. ಪೋಲೆಂಡಿನ ಹಲೀನಾ ಕೊನೊಪಾಟ್ಸ್ಕಾ 39.62 ಮೀಟರ್ ಎಸೆದು ಚಿನ್ನ ಗೆದ್ದರು. ಅರ್ಧ ತೂಕದ ಚಕ್ರವೆಂದು ಯಾರೂ ಅವರಿಗೆ ಅರ್ಧ ಪದಕ ಕೊಡಲಿಲ್ಲ. ಅದೇ ಕೂಟದಲ್ಲಿ ಮಹಿಳೆಯರು 800 ಮೀಟರ್ ಓಡಿದರು. ಓಟದ ಕೊನೆಗೆ ಅವರು ಬಳಲಿದ್ದನ್ನೇ ದೊಡ್ಡದು ಮಾಡಿ, ಹೆಣ್ಣಿನ ದೇಹಕ್ಕೆ ಈ ದೂರ ಸಲ್ಲದು ಎಂದು ಆ ಓಟವನ್ನೇ ತೆಗೆದುಹಾಕಿದರು. ಅದು ಒಲಿಂಪಿಕ್ಸಿಗೆ ಮರಳಿದ್ದು 1960ರಲ್ಲಿ, ಮೂವತ್ತೆರಡು ವರ್ಷಗಳ ನಂತರ. ಚಕ್ರದ ತೂಕ ಇಳಿಸಿದ್ದು ಹೆಂಗಸರನ್ನು ಆಟದೊಳಕ್ಕೆ ಕರೆಯಿತು. ಓಟವನ್ನು ತೆಗೆದದ್ದು ಅವರನ್ನು ಹೊರಗೆ ನಿಲ್ಲಿಸಿತು.

ಚಕ್ರ ಎಸೆತದ ವಿಷಯ ಬಂದದ್ದರಿಂದ ಇನ್ನೊಂದು ಕಥೆ ಹೇಳಿಬಿಡುತ್ತೇನೆ. 1896ರ ಅಥೆನ್ಸ್ ಒಲಿಂಪಿಕ್ಸಿಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಗ್ಯಾರೆಟ್ ಅದುವರೆಗೆ ನಿಜವಾದ ಚಕ್ರವನ್ನು ಕಂಡಿರಲಿಲ್ಲ. ಪುರಾತನ ಗ್ರೀಕರ ವಿವರಗಳನ್ನು ಆಧರಿಸಿ ಒಂದು ಚಕ್ರ ಮಾಡಿಸಿದ. ಅದು ಸುಮಾರು ಹದಿಮೂರು ಕಿಲೋ ತೂಗಿತಂತೆ! ಎಸೆಯಲಾಗದೆ ಆ ಆಸೆಯನ್ನೇ ಕೈಬಿಟ್ಟ. ಅಥೆನ್ಸಿಗೆ ಹೋದ ಮೇಲೆ ನಿಜವಾದ ಚಕ್ರದ ತೂಕ ಎರಡೇ ಕಿಲೋ ಎಂದು ತಿಳಿಯಿತು. ಸ್ಪರ್ಧೆಗೆ ಇಳಿದು, 29.15 ಮೀಟರ್ ಎಸೆದು, ಗ್ರೀಕರನ್ನೇ ಇಪ್ಪತ್ತು ಸೆಂಟಿಮೀಟರುಗಳಿಂದ ಹಿಂದೆ ಹಾಕಿ ಗೆದ್ದ. ಅವನ ಕೈಯಲ್ಲಿದ್ದ ತಪ್ಪು ತೂಕದ ಚಕ್ರವನ್ನು ಮಾತ್ರ ನೋಡಿದ್ದವರು ಅವನನ್ನು ಅಶಕ್ತನೆಂದೇ ತಿಳಿಯುತ್ತಿದ್ದರು. ನಾನು ಆ ಹುಡುಗಿಯ ವಿಷಯದಲ್ಲಿ ಮಾಡಿದ್ದೂ ಅದನ್ನೇ. ಅವಳ ಗುರಿ ನೇರವಾಗಿತ್ತು. ನಾನು ಅಳೆದದ್ದು ತೋಳಿನ ಉದ್ದವನ್ನು.

ಇಂದು ಅಂತರರಾಷ್ಟ್ರೀಯ ನಿಯಮದಂತೆ ಹದಿನೆಂಟರೊಳಗಿನ ಹುಡುಗರಿಗೆ ಒಂದೂವರೆ ಕಿಲೋ ಚಕ್ರ, ಇಪ್ಪತ್ತರೊಳಗಿನವರಿಗೆ ಒಂದೂಮುಕ್ಕಾಲು ಕಿಲೋ, ಅನಂತರ ಎರಡು ಕಿಲೋ. ದೇಹ ಬೆಳೆದಂತೆ ಚಕ್ರವೂ ಬೆಳೆಯುತ್ತದೆ. ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ನಮ್ಮ ವಿಕಾಸ್ ಗೌಡರು 2012ರಲ್ಲಿ 66.28 ಮೀಟರ್ ಎಸೆದು ರಾಷ್ಟ್ರೀಯ ದಾಖಲೆ ಬರೆದದ್ದು ಆ ಎರಡು ಕಿಲೋ ಚಕ್ರದಲ್ಲಿ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಚಿನ್ನ ಗೆದ್ದದ್ದೂ ಅದರಲ್ಲೇ. ಅಂಥ ಎತ್ತರಕ್ಕೆ ಏರುವವರಿಗೂ ಮೊದಲ ಮೆಟ್ಟಿಲು ಕಾಲಿಗೆ ಎಟುಕುವಂತಿರಬೇಕು.

ಇನ್ನು ಮೊಮ್ಮಗನ ಆಟಕ್ಕೆ ಬರೋಣ. ಅದರ ಬಿಲ್ಲೆ ತೂಗುವುದು ಸುಮಾರು 150ರಿಂದ 180 ಗ್ರಾಂ. ಇದರ ಪ್ರವರ್ತಕ ಎಡ್ ಹೆಡ್ರಿಕ್ ಎಂಬಾತ ಫ್ರಿಸ್ಬಿ ಬಿಲ್ಲೆಗಳನ್ನು ಮಾಡುವ ಕಂಪನಿಯಲ್ಲಿದ್ದವನು. 1975ರಲ್ಲಿ ಕ್ಯಾಲಿಫೋರ್ನಿಯದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಗಳ ಸಿದ್ಧವಾಯಿತು. ಮೊದಲು ಬರಿಯ ಕಂಬಗಳಿಗೆ ತಾಗಿಸುತ್ತಿದ್ದರು. ಸರಪಳಿಯ ಬುಟ್ಟಿ ಅನಂತರ ಅವನೇ ರೂಪಿಸಿದ್ದು. 1976ರಲ್ಲಿ ಆಟಗಾರರ ಸಂಘ ಹುಟ್ಟಿತು. ಸಾರ್ವಜನಿಕ ಉದ್ಯಾನದ ಆಟವಾದ್ದರಿಂದ ಅಜ್ಜ, ಮೊಮ್ಮಗ, ಪಂದ್ಯದ ಆಟಗಾರ ಎಲ್ಲರೂ ಒಂದೇ ಬುಟ್ಟಿಗೆ ಎಸೆಯುತ್ತಾರೆ. ಬುಟ್ಟಿಯನ್ನು ಮುಟ್ಟದೆ ಕಟ್ಟೆಗಳನ್ನು ಹೆಚ್ಚಿಸುವುದು ಅವರು ಕಂಡುಕೊಂಡ ಉಪಾಯ. ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣಗಳಿಂದ ಆಟಗಾರರ ಮಟ್ಟವನ್ನು ಸೂಚಿಸುವ ಪದ್ಧತಿಯೂ ಉಂಟು. ಆ ಬಣ್ಣಗಳು ಕೇಳುವುದು ನಿನ್ನ ಎಸೆತ ಎಷ್ಟು ಎಂದು. ನೀನು ಗಂಡೋ ಹೆಣ್ಣೋ ಎಂದಲ್ಲ.

ಹಾಗಾದರೆ ಯಾವ ಕಟ್ಟೆಯನ್ನು ಆರಿಸಬೇಕು? ನನ್ನ ಅಲ್ಪ ಅನುಭವದಲ್ಲಿ ಹೇಳುವುದಾದರೆ, ಒಂದು ಒಳ್ಳೆಯ ಎಸೆತದಲ್ಲಿ ಬುಟ್ಟಿಯ ಸಮೀಪ ತಲುಪುವ ಆಸೆ ಎಲ್ಲಿಂದ ಉಳಿದಿರುತ್ತದೋ ಅಲ್ಲಿಂದ. ದೂರದ ಕಟ್ಟೆಯಲ್ಲಿ ನನಗೆ ಇದ್ದದ್ದು ಒಂದೇ ಕೆಲಸ, ಬಲವೆಲ್ಲ ಹಾಕಿ ಬೀಸುವುದು. ಹತ್ತಿರದ ಕಟ್ಟೆಗೆ ಬಂದ ಮೇಲೆ ಯೋಚಿಸಬೇಕಾಯಿತು. ಮರದ ಎಡಕ್ಕೆ ಹೋಗಲೋ ಬಲಕ್ಕೋ? ಗಾಳಿ ಎತ್ತಣಿಂದ? ವೇಗದ ಬಿಲ್ಲೆಯೋ ನಿಧಾನದ್ದೋ? ಆಟ ಸುಲಭವಾಗಲಿಲ್ಲ, ಆಟವಾಯಿತು. ಗಾಲ್ಫಿನವರೂ ಕೊನೆಗೆ ಇದನ್ನು ಒಪ್ಪಿಕೊಂಡಿದ್ದಾರೆ. 2011ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಗಳು, ನಿಮ್ಮ ಹೊಡೆತದ ದೂರಕ್ಕೆ ತಕ್ಕಂತೆ ಮುಂದಿನ ಟೀಯಿಂದ ಆಡಿರಿ ಎಂದು ಒಂದು ಆಂದೋಲನವನ್ನೇ ನಡೆಸಿದವು. ಬಿಂಕದಿಂದ ಹಿಂದಿನ ಟೀಗೆ ಅಂಟಿಕೊಂಡ ನನ್ನಂಥವರು ಎಲ್ಲ ದೇಶಗಳಲ್ಲೂ ಇದ್ದಾರೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಒಂದು ಎಚ್ಚರಿಕೆಯೂ ಬೇಕು. ಹತ್ತಿರದ ಗೆರೆಯನ್ನು ಮತ್ತೊಬ್ಬರು ಹೊರಿಸಬಾರದು, ಅದರಲ್ಲೇ ಕಟ್ಟಿಹಾಕಲೂಬಾರದು. ಇಂದು ಕೆಂಪು ಕಟ್ಟೆಯಿಂದ ಆಡುವ ಮಗು ನಾಳೆ ನೀಲಿಗೆ ಹೋಗಲು ದಾರಿ ತೆರೆದಿರಬೇಕು. ಮೊಮ್ಮಗ ನನಗೆ ಮುಂದಿನ ಕಟ್ಟೆಯನ್ನು ತೋರಿಸಿದ, ಎಳೆದೊಯ್ಯಲಿಲ್ಲ. ಅಲ್ಲಿ ಆಡಿದ ನನ್ನ ಅಂಕಗಳನ್ನೂ ತನ್ನ ಅಂಕಗಳ ಪಕ್ಕದಲ್ಲೇ ಬರೆದುಕೊಂಡ. ಅವನು ಆರು ಎಸೆತ ಮುಂದಿದ್ದ. ನಾನು ಸೋತೆ, ಆದರೆ ಆಡಿ ಸೋತೆ.

1987ರಲ್ಲಿ ನನಗೆ ಇಷ್ಟು ತಿಳಿದಿದ್ದರೆ ಮಳಲಿನ ಮೇಲೆ ಮೂರು ಗೆರೆ ಎಳೆಯುತ್ತಿದ್ದೆ. ಅದಕ್ಕೆ ಹಣ ಬೇಕಿರಲಿಲ್ಲ, ಇಲಾಖೆಯ ಅನುಮತಿ ಬೇಕಿರಲಿಲ್ಲ. ಕಾಲಿನ ಹೆಬ್ಬೆರಳೊಂದೇ ಸಾಕಿತ್ತು. ಗೆರೆ ಒಂದೇ ಆದರೆ ಸಮಾನತೆ ಎಂದು ನಂಬಿದ್ದೆ. ಬುಟ್ಟಿ ಒಂದೇ ಆಗಿದ್ದು, ಲೆಕ್ಕದ ಪುಸ್ತಕವೂ ಒಂದೇ ಆಗಿರಬೇಕಿತ್ತು, ಗೆರೆ ಬೇರೆಯಾಗಬಹುದಿತ್ತು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರು, ಇನ್ನೂ ಹಲವರು ತಂದೆ ತಾಯಿಗಳು. ನಿಮ್ಮ ಅಂಗಳದಲ್ಲಿ ಯಾವುದಾದರೂ ಮಗು ಗೆರೆಯಿಂದ ನಾಲ್ಕು ಹೆಜ್ಜೆ ಮುಂದೆ ಬಂದು “ಇಲ್ಲಿಂದ ಒಗೀಲಾ?” ಎಂದು ಕೇಳಿದರೆ, ನನ್ನ ಉತ್ತರವನ್ನು ಕೊಡಬೇಡಿ.

ಇನ್ನು ಆ ಹುಡುಗಿಗೆ ಒಂದು ಮಾತು. ತಂಗಿ, ನಿನಗೂ ಈಗ ಐವತ್ತು ದಾಟಿರಬೇಕು. ಇದು ನಿನ್ನ ಕಣ್ಣಿಗೆ ಬಿದ್ದರೆ, ಅಂದು ತಪ್ಪಿದ್ದು ನಿನ್ನ ಗುರಿಯಲ್ಲ, ನನ್ನ ಗೆರೆ ಎಂದು ತಿಳಿ. ಈ ಚಳಿಗಾಲದಲ್ಲಿ ಮೊಮ್ಮಗ ಊರಿಗೆ ಬರುತ್ತಾನೆ, ಬಿಲ್ಲೆಗಳನ್ನೂ ತರುತ್ತಾನಂತೆ. ಬೇಲೆಕೇರಿಯ ಮಳಲಿನಲ್ಲಿ ಒಂದು ಬುಟ್ಟಿ ನೆಡುವ ಯೋಚನೆ ಇದೆ. ನೀನು ಬಂದರೆ ಗೆರೆಯನ್ನು ನೀನೇ ಎಳೆ. ಲೆಕ್ಕ ಬರೆಯುವವನು ನಾನು.