ಹೆಸರು ಕೆತ್ತಿ ಹೋದ ದಾರಿಹೋಕರು

ಬೆನ್ನಿಗೊಂದು ಚೀಲ ಏರಿಸಿ, ಕಡಿಮೆ ಖರ್ಚಿನಲ್ಲಿ, ಊರೂರು ಸುತ್ತಿ ಬರುವ ಪ್ರವಾಸ ಇಂದಿನ ತರುಣ ತರುಣಿಯರಿಗೆ ಬಹು ಪ್ರಿಯವಾದದ್ದು. ಹೀಗೆ ಹೊರಟವರಲ್ಲಿ ಕೆಲವರು ಶಾಂತಸಾಗರದ ನಡುವೆ ಚುಕ್ಕಿಗಳಂತೆ ಹರಡಿರುವ ಪುಟ್ಟ ದ್ವೀಪರಾಷ್ಟ್ರಗಳವರೆಗೂ ಹೋಗಿಬರುವುದುಂಟು. ದೂರದ ಊರು, ಅರಿಯದ ಜನ, ಹೊಸ ಊಟ, ಇವೆಲ್ಲ ಅವರನ್ನು ಸೆಳೆಯುತ್ತವೆ. ಆದರೆ ಚೀಲ ಹೊತ್ತು ಊರಿಂದೂರಿಗೆ ನಡೆದವರ ಚರಿತ್ರೆ ಬಹಳ ಹಳೆಯದು. ಅಂಥವರು ಬಿಟ್ಟುಹೋದ ಗುರುತನ್ನು ಕಾಣಲು ಕಡಲು ದಾಟಬೇಕಾಗಿಲ್ಲ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ ಸಾಕು.

ನುಗ್ಗೇಹಳ್ಳಿಗೆ ಹೊಯ್ಸಳರ ಕಾಲದಲ್ಲಿ ವಿಜಯಸೋಮನಾಥಪುರ ಎಂಬ ಹೆಸರಿತ್ತು. ದೊರೆ ವೀರಸೋಮೇಶ್ವರನ ಕಾಲದಲ್ಲಿ ದಂಡನಾಯಕನಾಗಿದ್ದ ಬೊಮ್ಮಣ್ಣನು ಇದನ್ನು ಅಗ್ರಹಾರವಾಗಿ ಬೆಳೆಸಿದನು. ಕ್ರಿ.ಶ. 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನೂ, 1249ರಲ್ಲಿ ಸದಾಶಿವ ದೇವಾಲಯವನ್ನೂ ಕಟ್ಟಿಸಿದನು. ಮೊದಲನೆಯದು ತ್ರಿಕೂಟಾಚಲ. ಕೇಶವ, ವೇಣುಗೋಪಾಲ, ಲಕ್ಷ್ಮೀನರಸಿಂಹ ಎಂಬ ಮೂರು ಮೂರ್ತಿಗಳಿಗೆ ಮೂರು ಗರ್ಭಗುಡಿಗಳು. ಹೊರಗೋಡೆಯ ಕೆಳಭಾಗದಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣ ಕಥೆ, ಮಕರ, ಹಂಸ ಇವುಗಳ ಸಾಲುಗಳು. ಅವುಗಳ ಮೇಲೆ ದೇವತೆಗಳ ದೊಡ್ಡ ವಿಗ್ರಹಗಳು. ಕಟ್ಟಿಸಿದವನ ವಿಷಯ ತಿಳಿಯಲು ನಮಗೆ ಶಾಸನವಿದೆ. ಹಾಗಾದರೆ ಕಟ್ಟಿದವರು ಯಾರು?

ಈ ಪ್ರಶ್ನೆಗೆ ಉತ್ತರ ಗೋಡೆಯ ಮೇಲೆಯೇ ಇದೆ. ವಿಗ್ರಹಗಳ ಪೀಠದಲ್ಲಿ ಚಿಕ್ಕ ಚಿಕ್ಕ ಅಕ್ಷರಗಳಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ದಕ್ಷಿಣದ ಕಡೆಯ ಕೆಲಸ ಬೈಚೋಜನದು, ಉತ್ತರದ ಕಡೆಯದು ಮಲ್ಲಿತಮ್ಮನದು. ಒಂದೇ ಗುಡಿಯ ಎರಡು ಪಕ್ಕಗಳನ್ನು ಇಬ್ಬರು ಹಂಚಿಕೊಂಡು ಕೆಲಸ ಮಾಡಿದ್ದಾರೆಂದು ಇದರಿಂದ ತಿಳಿಯುತ್ತದೆ. ಬೈಚೋಜ, ದಾಸೋಜ, ನಾಗೋಜ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ ‘ಓಜ’ ಎಂಬುದು ‘ಉಪಾಧ್ಯಾಯ’ ಶಬ್ದದ ತದ್ಭವ. ಅಂದರೆ ಈತ ಕೆತ್ತುವವನಷ್ಟೇ ಆಗಿರದೆ ಕಲಿಸುವವನೂ ಆಗಿದ್ದನು. ಮಲ್ಲಿತಮ್ಮನಿಗೆ ‘ರೂವಾರಿ’ ಎಂಬ ಬಿರುದು ಸೇರಿ ಬರುತ್ತದೆ. ರೂಪವನ್ನು ಮಾಡುವವನು ರೂಪಕಾರಿ, ಅದೇ ರೂವಾರಿ. ಇಂದು ಪತ್ರಿಕೆಗಳಲ್ಲಿ ‘ಈ ಯೋಜನೆಯ ರೂವಾರಿ’ ಎಂದು ಮಂತ್ರಿಗಳನ್ನೋ ಅಧಿಕಾರಿಗಳನ್ನೋ ಕರೆಯುವುದನ್ನು ನೀವು ಓದಿರಬಹುದು. ಆ ಮಾತು ಮೂಲದಲ್ಲಿ ಉಳಿ ಸುತ್ತಿಗೆ ಹಿಡಿದ ಕೈಗೆ ಸೇರಿದ್ದು.

ಮಲ್ಲಿತಮ್ಮನ ಹೆಸರು ನುಗ್ಗೇಹಳ್ಳಿಯೊಂದರಲ್ಲೇ ಇದ್ದಿದ್ದರೆ ಅವನನ್ನು ಇಲ್ಲಿಯವನೇ ಎಂದು ಭಾವಿಸಬಹುದಿತ್ತು. ಆದರೆ ಅದೇ ಹೆಸರು ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಸಿಗುತ್ತದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಸಿಗುತ್ತದೆ. ಕಾವೇರಿಯ ಕಡೆಯ ಸೋಮನಾಥಪುರದಲ್ಲಂತೂ ಸುಮಾರು 40 ವಿಗ್ರಹಗಳ ಕೆಳಗೆ ಸಿಗುತ್ತದೆ. ಕೆಲವೆಡೆ ‘ಮಲ್ಲಿತಂಮ’ ಎಂದು ಪೂರ್ತಿಯಾಗಿ, ಕೆಲವೆಡೆ ‘ಮಲ್ಲಿ’ ಎಂದು, ಕೆಲವೆಡೆ ಬರಿಯ ‘ಮ’ ಎಂಬ ಒಂದೇ ಅಕ್ಷರವಾಗಿ. ನಕ್ಷೆಯನ್ನು ಮುಂದಿಟ್ಟುಕೊಂಡು ಈ ಊರುಗಳ ಮೇಲೆ ಒಂದೊಂದು ಚುಕ್ಕಿ ಇಡಿ. ಅಮೃತಾಪುರದಿಂದ ನುಗ್ಗೇಹಳ್ಳಿಗೆ ನೇರ ಗೆರೆ ಎಳೆದರೂ 100 ಕಿಲೋಮೀಟರಿಗೆ ಕಡಿಮೆಯಿಲ್ಲ. ನುಗ್ಗೇಹಳ್ಳಿಯಿಂದ ಸೋಮನಾಥಪುರಕ್ಕೆ 90 ಕಿಲೋಮೀಟರಿನ ಮೇಲಾಗುತ್ತದೆ. ಕಾಲ್ನಡಿಗೆಯನ್ನೂ ಎತ್ತಿನ ಗಾಡಿಯನ್ನೂ ನಂಬಿದ ಆ ದಿನಗಳಲ್ಲಿ ಇದು ಐದಾರು ದಿನಗಳ ದಾರಿ. ಚೀಲದಲ್ಲಿ ಉಳಿಗಳು, ತಲೆಯಲ್ಲಿ ಅಳತೆಗಳು, ಜೊತೆಗೆ ಶಿಷ್ಯರು. ಒಂದು ಗುಡಿ ಮುಗಿದ ಮೇಲೆ ಇನ್ನೊಂದು ಗುಡಿಯ ಕರೆ ಬಂದ ಕಡೆಗೆ ಪಯಣ.

ಇಲ್ಲೊಂದು ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬೇಕು. ಅಮೃತಾಪುರದ ದೇವಾಲಯ 1196ರದು. ನುಗ್ಗೇಹಳ್ಳಿಯದು 1246. ಸೋಮನಾಥಪುರದ ಕೇಶವ ದೇವಾಲಯ ಸಿದ್ಧವಾದದ್ದು 1250 ದಾಟಿದ ಮೇಲೆ. ಅಮೃತಾಪುರದಲ್ಲಿ ಮಲ್ಲಿತಮ್ಮ 20 ವರ್ಷದ ಹುಡುಗನಾಗಿದ್ದನೆಂದು ಇಟ್ಟುಕೊಂಡರೂ ನುಗ್ಗೇಹಳ್ಳಿಗೆ ಬಂದಾಗ ಅವನಿಗೆ 70, ಸೋಮನಾಥಪುರದಲ್ಲಿ 80 ದಾಟಿರಬೇಕು. ಆರು ದಶಕ ದುಡಿದ ದೀರ್ಘಾಯುಷಿ ಒಬ್ಬನೇ ಎಂದು ಹೇಳುವವರಿದ್ದಾರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯನ್ನು ನೆನೆದರೆ ಒಂದೇ ಹೆಸರಿನ ಇಬ್ಬರು ಇದ್ದಿರಬಹುದೆಂದೂ ಊಹಿಸಬಹುದು. ಹೆಸರೊಂದು ಸಿಕ್ಕ ಮಾತ್ರಕ್ಕೆ ಒಬ್ಬ ಮನುಷ್ಯನ ಜೀವನಚರಿತ್ರೆ ಸಿಕ್ಕಂತಾಗಲಿಲ್ಲ. ಹೆಸರು, ಸ್ಥಳ, ಇಸವಿ ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟು ತೂಗಿ ನೋಡುವುದೇ ಚರಿತ್ರೆಯ ಕೆಲಸ.

ಬೇರೆ ಊರಿನಿಂದ ಶಿಲ್ಪಿಗಳು ಬರುವ ಈ ಪದ್ಧತಿ ನುಗ್ಗೇಹಳ್ಳಿಗಿಂತ ಹಿಂದಿನದು. 1117ರ ಬೇಲೂರು ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಕೆಲಸ ಮಾಡಿದರು. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಬೇಲೂರಿಗೆ ಸುಮಾರು 150 ಕಿಲೋಮೀಟರು ದೂರ. ಗದಗಿನ ನಾಗೋಜನೂ ಬೇಲೂರಿಗೆ ಬಂದವನೇ. ಆದರೂ ನಮ್ಮಲ್ಲಿ ‘ಬೇಲೂರನ್ನು ಕೆತ್ತಿದವರು ಯಾರು?’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಜಕಣಾಚಾರಿ ಎನ್ನುತ್ತಾರೆ. ಕೈದಾಳದ ಜಕಣಾಚಾರಿ, ಅವನ ಮಗ ಡಂಕಣಾಚಾರಿ, ಕಲ್ಲಿನೊಳಗಿನ ಕಪ್ಪೆ, ಇವೆಲ್ಲ ಸೊಗಸಾದ ಕಥೆ. ಜನ ಅದನ್ನು ತಲೆಮಾರುಗಳಿಂದ ಪ್ರೀತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಆದರೆ ಬೇಲೂರು, ನುಗ್ಗೇಹಳ್ಳಿ, ಸೋಮನಾಥಪುರಗಳ ವಿಗ್ರಹಗಳ ಕೆಳಗಿನ ಸಹಿಗಳಲ್ಲಿ ಇರುವುದು ದಾಸೋಜ, ಚಾವಣ, ಬೈಚೋಜ, ಮಲ್ಲಿತಮ್ಮ, ಮಸಣಿತಮ್ಮ, ಚೌಡೆಯ ಮೊದಲಾದವರ ಹೆಸರು. ಕಥೆಯಲ್ಲಿ ಒಬ್ಬನೇ ಎಲ್ಲವನ್ನೂ ಮಾಡಿದನು. ಕಲ್ಲಿನ ಮೇಲೆ ಅನೇಕರು ಸೇರಿ ಮಾಡಿದರು.

ಈಗ ನಮ್ಮ ಚೀಲ ಹೊತ್ತ ಪ್ರವಾಸಿಯ ಜೊತೆ ಶಾಂತಸಾಗರಕ್ಕೆ ಹೋಗೋಣ. ಮೈಕ್ರೊನೇಷ್ಯಾ ಸಂಯುಕ್ತ ರಾಜ್ಯಗಳು ಎಂಬ ದೇಶವೊಂದು ಅಲ್ಲಿದೆ. 1986ರಲ್ಲಿ ಸ್ವತಂತ್ರವಾದ ಈ ದೇಶದಲ್ಲಿ 607 ದ್ವೀಪಗಳು. ಯಾಪ್, ಚೂಕ್, ಪೋನ್‌ಪೇ, ಕೊಸ್ರಾಯೆ ಎಂಬ ನಾಲ್ಕು ರಾಜ್ಯಗಳು ಪೂರ್ವ ಪಶ್ಚಿಮವಾಗಿ ಸುಮಾರು 2,700 ಕಿಲೋಮೀಟರು ಹರಡಿವೆ. ಆದರೆ ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೆ ಸುಮಾರು 700 ಚದರ ಕಿಲೋಮೀಟರು, ಅಂದರೆ ನಮ್ಮ ಹಾಸನ ಜಿಲ್ಲೆಯ ಹತ್ತರಲ್ಲಿ ಒಂದು ಪಾಲು. ಚನ್ನರಾಯಪಟ್ಟಣದ ಕಡೆಯವರಿಗೆ ಅಲ್ಲಿನ ತೆಂಗಿನ ತೋಟ ಹೊಸದೆನಿಸದು. ಕರಾವಳಿಯವರಿಗೆ ಅಲ್ಲಿನ ಜೀಗುಜ್ಜೆಯೂ ಕೆಸುವಿನ ಗೆಡ್ಡೆಯೂ ಪರಿಚಿತ.

ಪೋನ್‌ಪೇ ದ್ವೀಪದ ಪೂರ್ವ ತೀರದಲ್ಲಿ, ಆಳವಿಲ್ಲದ ಕಡಲಿನಲ್ಲಿ ನಾನ್ ಮಡೋಲ್ ಎಂಬ ಹಾಳು ಪಟ್ಟಣವಿದೆ. ಜನ ತಾವೇ ಕಟ್ಟಿಕೊಂಡ ನೂರಕ್ಕೂ ಮೇಲ್ಪಟ್ಟ ಪುಟ್ಟ ದ್ವೀಪಗಳು, ಅವುಗಳ ನಡುವೆ ನೀರಿನ ಓಣಿಗಳು. ಗೋಡೆಗಳಿಗೆ ಬಳಸಿರುವುದು ಕಂಬದಾಕಾರದ ಕಪ್ಪು ಅಗ್ನಿಶಿಲೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣಿದು ಕಂಬ ಕಂಬಗಳಾಗಿ ನಿಂತದ್ದನ್ನು ನೋಡಿದವರಿಗೆ ಈ ಕಲ್ಲಿನ ಆಕಾರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಅಂಥ ಕಂಬಗಳನ್ನು ಮರದ ದಿಮ್ಮಿಗಳಂತೆ ಅಡ್ಡಡ್ಡಲಾಗಿ ಪೇರಿಸಿ ಎತ್ತರದ ಗೋಡೆ ಕಟ್ಟಿದ್ದಾರೆ. ಕಾಲ ಸುಮಾರು 1200ರಿಂದ 1500. ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮರ ಉಳಿಯ ಸದ್ದು ಕೇಳುತ್ತಿದ್ದಾಗಲೇ ಸೌದೆಲೂರ್ ಅರಸರ ಈ ಪಟ್ಟಣವೂ ಎದ್ದು ನಿಲ್ಲುತ್ತಿತ್ತು. ಕಟ್ಟಿದವರಿಗೆ ಲಿಪಿ ಇರಲಿಲ್ಲವಾದ್ದರಿಂದ ಹೆಸರುಗಳು ಉಳಿಯಲಿಲ್ಲ. ಉಳಿದದ್ದು ಕಥೆ: ಇಬ್ಬರು ಅವಳಿ ಮಾಂತ್ರಿಕರು ಕಲ್ಲುಗಳನ್ನು ಗಾಳಿಯಲ್ಲಿ ತೇಲಿಸಿ ತಂದು ಜೋಡಿಸಿದರಂತೆ. ಜಕಣಾಚಾರಿಯ ಕಥೆ ಹುಟ್ಟಿದ ಬೆರಗಿನಿಂದಲೇ ಈ ಕಥೆಯೂ ಹುಟ್ಟಿತು ಎನ್ನಬಹುದು. ಆದರೆ ಆ ಬೆರಗಿನಲ್ಲಿ ದೋಣಿ, ತೆಪ್ಪಗಳಲ್ಲಿ ಕಲ್ಲು ಸಾಗಿಸಿ ಬೆನ್ನು ಬಾಗಿದ ಸಾವಿರಾರು ಜನ ಮರೆಯಾದರು.

ಅದೇ ದೇಶದ ಇನ್ನೊಂದು ತುದಿಯ ಯಾಪ್ ದ್ವೀಪದಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆ ಸಿಗುತ್ತದೆ. ಅಲ್ಲಿ ಕಲ್ಲಿನ ಹಣವಿದೆ. ಬೀಸುವ ಕಲ್ಲಿನಂತೆ ದುಂಡಗೆ ಕಡೆದು ನಡುವೆ ತೂತು ಕೊರೆದ ಸುಣ್ಣಕಲ್ಲಿನ ಬಿಲ್ಲೆಗಳು. ದೊಡ್ಡವು ಆಳೆತ್ತರವನ್ನೂ ಮೀರುತ್ತವೆ. ಈ ಕಲ್ಲು ಯಾಪ್‌ನಲ್ಲಿ ಸಿಗುವುದಿಲ್ಲ. ಯಾಪ್‌ನ ಜನ 400 ಕಿಲೋಮೀಟರಿಗೂ ಹೆಚ್ಚು ದೂರದ ಪಲಾವ್ ದ್ವೀಪಗಳಿಗೆ ದೋಣಿಯಲ್ಲಿ ಹೋಗಿ, ಅಲ್ಲಿ ತಂಗಿ, ಕಲ್ಲು ಕಡಿದು, ತೆರೆದ ಕಡಲಿನಲ್ಲಿ ಊರಿಗೆ ತಂದರು. ಇದರ ಬೆಲೆ ಗಾತ್ರವನ್ನಷ್ಟೇ ಅವಲಂಬಿಸಿಲ್ಲ. ಯಾರು ತಂದರು, ದಾರಿಯಲ್ಲಿ ಎಷ್ಟು ಕಷ್ಟಪಟ್ಟರು, ಯಾರು ಪ್ರಾಣ ಕಳೆದುಕೊಂಡರು ಎಂಬುದನ್ನೆಲ್ಲ ಊರಿನವರು ನೆನಪಿಟ್ಟು ಬೆಲೆ ಕಟ್ಟುತ್ತಾರೆ. 1870ರ ದಶಕದಲ್ಲಿ ಡೇವಿಡ್ ಓಕೀಫ್ ಎಂಬ ವ್ಯಾಪಾರಿ ತನ್ನ ಹಡಗು, ಕಬ್ಬಿಣದ ಉಪಕರಣಗಳನ್ನು ಒದಗಿಸಿದ ಮೇಲೆ ಬಹು ದೊಡ್ಡ ಬಿಲ್ಲೆಗಳು ಸುಲಭವಾಗಿ ಬಂದವು. ಯಾಪ್‌ನವರು ಅವಕ್ಕೆ ಹಳೆಯ ಕಲ್ಲುಗಳಷ್ಟು ಬೆಲೆ ಕೊಡಲಿಲ್ಲ. ಬಿರುಗಾಳಿಗೆ ಸಿಕ್ಕಿ ಕಡಲಿನಲ್ಲಿ ಮುಳುಗಿದ ಕಲ್ಲೊಂದನ್ನು ಅದನ್ನು ತಂದವರ ಮನೆತನದ ಸ್ವತ್ತೆಂದೇ ಜನ ಒಪ್ಪಿಕೊಂಡಿದ್ದರೆಂಬ ಸಂಗತಿಯನ್ನು 1910ರಲ್ಲಿ ವಿಲಿಯಂ ಫರ್ನೆಸ್ ಬರೆದಿಟ್ಟಿದ್ದಾನೆ. ಕಲ್ಲು ಕಣ್ಣಿಗೆ ಕಾಣದಿದ್ದರೂ ತಂದವರ ಪ್ರಯಾಣ ಜನರ ನೆನಪಿನಲ್ಲಿತ್ತು.

ಈ ಮೂರು ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಾನ್ ಮಡೋಲ್‌ನಲ್ಲಿ ಕಟ್ಟಡ ಉಳಿಯಿತು, ದುಡಿದವರ ನೆನಪು ಅಳಿಯಿತು. ಯಾಪ್‌ನಲ್ಲಿ ಲಿಪಿ ಇಲ್ಲದಿದ್ದರೂ ಊರಿನ ಬಾಯಿಮಾತು ದುಡಿದವರನ್ನು ಕಾಪಾಡಿತು. ನುಗ್ಗೇಹಳ್ಳಿಯಲ್ಲಿ ಕಟ್ಟಡವೂ ಇದೆ, ಕಟ್ಟಿದವರ ಕೈಬರಹವೂ ಇದೆ. ಆದರೂ ಪರೀಕ್ಷೆಯಲ್ಲಿ ಬೊಮ್ಮಣ್ಣ ದಂಡನಾಯಕನ ಹೆಸರು ಬರೆದರೆ ಅಂಕ ದೊರೆಯುತ್ತದೆ, ಮಲ್ಲಿತಮ್ಮನನ್ನು ಕೇಳುವವರು ಕಡಿಮೆ. ಬೊಮ್ಮಣ್ಣನ ದಾನವಿಲ್ಲದೆ ಗುಡಿ ಏಳುತ್ತಿರಲಿಲ್ಲ ಎಂಬುದು ನಿಜ. ಬೇರೆ ಊರಿನಿಂದ ನಡೆದು ಬಂದ ಕೈಗಳಿಲ್ಲದೆಯೂ ಏಳುತ್ತಿರಲಿಲ್ಲ. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹೇಳಿದರೆ ಚರಿತ್ರೆ ಅರ್ಧವಾಗುತ್ತದೆ.

ಈ ಸಹಿಗಳು ಎಂದೆಂದಿಗೂ ಉಳಿಯುತ್ತವೆಂದು ಭಾವಿಸುವಂತಿಲ್ಲ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿ. ಅದರ ಮೃದುತನದಿಂದಲೇ ಅಷ್ಟು ನಯವಾದ ಕೆತ್ತನೆ ಸಾಧ್ಯವಾಯಿತು. ಆದರೆ ಎಂಟು ಶತಮಾನದ ಮಳೆ ಬಿಸಿಲು ಕಂಡ ಒಂದಂಗುಲದ ಅಕ್ಷರಕ್ಕೆ ಎಣ್ಣೆ, ಸುಣ್ಣ, ಚೂಪು ಕಲ್ಲು ಯಾವುದೂ ಸಣ್ಣ ಅಪಾಯವಲ್ಲ. ನಾನ್ ಮಡೋಲ್‌ಗೂ ಬೇರೆ ರೀತಿಯ ಗಂಡಾಂತರವಿದೆ. 2016ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೇ ಅಪಾಯದಲ್ಲಿರುವ ತಾಣವೆಂದೂ ಗುರುತಿಸಿತು. ನೀರಿನ ಓಣಿಗಳಲ್ಲಿ ಹೂಳು ತುಂಬಿ, ಕಾಂಡ್ಲಾ ಗಿಡಗಳು ಬೆಳೆದು ಗೋಡೆಗಳನ್ನು ಸಡಿಲಿಸುತ್ತಿವೆ. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಅದೇ ಪಟ್ಟಿಗೆ ಸೇರಿದವು. ನುಗ್ಗೇಹಳ್ಳಿ ಆ ಮೂರರಲ್ಲಿ ಇಲ್ಲ. ಆದ್ದರಿಂದ ಅದನ್ನು ನೋಡಿಕೊಳ್ಳುವ ಹೊಣೆ ಊರಿನವರ ಮೇಲೂ ಅಲ್ಲಿಗೆ ಹೋಗುವ ನಮ್ಮ ಮೇಲೂ ಹೆಚ್ಚಾಗಿಯೇ ಇದೆ.

ಮುಂದಿನ ರಜೆಯಲ್ಲಿ ಚೀಲ ಹೊತ್ತು ಹೊರಡುವ ವಿದ್ಯಾರ್ಥಿಗಳು ಒಂದು ನೋಟ್ ಪುಸ್ತಕ ಜೊತೆಗಿಟ್ಟುಕೊಳ್ಳಲಿ. ವಿಗ್ರಹದ ಮುಖ ನೋಡಿದ ಮೇಲೆ ಪೀಠವನ್ನೂ ಬಾಗಿ ನೋಡಲಿ. ಅಕ್ಷರ ಕಂಡರೆ ಸೀಮೆಸುಣ್ಣ ಬಳಿಯದೆ, ಕೈಯಿಂದ ಉಜ್ಜದೆ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕಂಡಷ್ಟನ್ನು ಕಂಡ ಹಾಗೆಯೇ ಬರೆದುಕೊಳ್ಳಲಿ. ಯಾವ ಊರು, ಯಾವ ದಿಕ್ಕಿನ ಗೋಡೆ, ಯಾವ ವಿಗ್ರಹ ಎಂಬುದನ್ನೂ ಗುರುತಿಸಿಕೊಳ್ಳಲಿ. ಆಮೇಲೆ ನಾಲ್ಕಾರು ಊರುಗಳ ಪಟ್ಟಿಯನ್ನು ನಕ್ಷೆಯ ಮೇಲೆ ಜೋಡಿಸಿದರೆ ಹಿಂದಿನವರು ನಡೆದ ದಾರಿ ತಾನಾಗಿ ಮೂಡುತ್ತದೆ. ಆದರೆ ತಮ್ಮ ಹೆಸರನ್ನು ಮಾತ್ರ ಆ ಗೋಡೆಯ ಮೇಲೆ ಗೀಚಬಾರದು. ವರ್ಷಗಟ್ಟಲೆ ದುಡಿದು ಒಂದು ವಿಗ್ರಹ ಕೊಟ್ಟ ಮೇಲೆ ಮಲ್ಲಿತಮ್ಮನು ಅಲ್ಲಿ ಬರೆದುಕೊಂಡದ್ದು ಕೆಲವೊಮ್ಮೆ ಒಂದೇ ಒಂದು ಅಕ್ಷರ.