ಊರಿನ ದಾರಿ ಕಾದ ದಂಡು

1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ರಾವುತರು ಹೈಫಾ ಪಟ್ಟಣವನ್ನು ಗೆದ್ದ ಸಂಗತಿಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನಿನಲ್ಲಿ ಅವರು ಮತ್ತೊಮ್ಮೆ ಹೋರಾಡಿದರು. 31ರಂದು ತುರ್ಕರೊಡನೆ ಯುದ್ಧ ನಿಂತಿತು. ಆದರೆ ದಂಡು ಮೈಸೂರಿಗೆ ಮರಳಿದುದು 1920ರಲ್ಲಿ. ನಡುವಣ ಒಂದು ವರ್ಷಕ್ಕೂ ಮೀರಿದ ಕಾಲವನ್ನು ಚರಿತ್ರೆಯು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತದೆ.

ಮರಳಬೇಕಾದ ಸೈನಿಕರು ಲಕ್ಷಗಟ್ಟಲೆ, ಹಡಗುಗಳೋ ಸಾಲದು. 1919ರ ಮಾರ್ಚಿ ತಿಂಗಳಲ್ಲಿ ಈಜಿಪ್ಟಿನಲ್ಲಿ ದಂಗೆಯೂ ಎದ್ದಿತು. ಕಾಯುವವನಿಗೆ ಸುಖವೇ ಇರಲಿಲ್ಲವೆಂದಲ್ಲ. ಗುಂಡಿನ ಭಯವಿಲ್ಲದ ರಾತ್ರಿ, ಹೊತ್ತಿಗೆ ಸರಿಯಾದ ಊಟ, ಜೀನು ಇಳಿಸಿದ ಕುದುರೆ, ಇಷ್ಟೇ ಅವನಿಗೆ ಭಾಗ್ಯವೆನಿಸಿರಬೇಕು. ಆದರೆ 1918ರ ಕೊನೆಯಲ್ಲಿ ಇನ್‌ಫ್ಲುಯೆಂಜಾ ಜ್ವರವು ಮೈಸೂರು ಸೀಮೆಯ ಎಷ್ಟೋ ಮನೆಗಳನ್ನು ಬರಿದುಮಾಡಿತ್ತು. ಧಾನ್ಯದ ಬೆಲೆಯೂ ಏರಿತ್ತು. ರಣದಲ್ಲಿದ್ದವನು ಉಳಿದು, ಮನೆಯಲ್ಲಿದ್ದವರು ಅಳಿದುದೂ ಉಂಟು.

ಆ ರಾವುತರಲ್ಲಿ ಯಾವನಾದರೂ ಬೀರೂರಿನಲ್ಲಿ ಶಿವಮೊಗ್ಗೆಯ ರೈಲನ್ನು ಹತ್ತಿದ್ದರೆ, ತಾನು 1914ರಲ್ಲಿ ಬಿಟ್ಟುಹೋದ ಬೆಂಕಿಪುರವನ್ನು ಕಂಡು ಬೆರಗಾಗುತ್ತಿದ್ದನು. ಭದ್ರಾ ನದಿಯ ಬಳಿ ಕಬ್ಬಿಣದ ಕಾರ್ಖಾನೆಯು ಏಳುತ್ತಲಿತ್ತು. 1923ರ ಜನವರಿಯಲ್ಲಿ ಅಲ್ಲಿ ಇದ್ದಲಿನ ಕುಲುಮೆಯು ಹೊತ್ತಿಕೊಂಡಿತು. ಬೆಂಕಿಪುರವೆಂಬ ಹೆಸರು ಹೋಗಿ ಭದ್ರಾವತಿಯೆಂಬುದು ನಿಂತಿತು.

ಸೈನಿಕನು ಹಾರೈಸಿ ಕಾದುದು ತಾನು ಬಿಟ್ಟುಬಂದ ನಾಡಿಗಾಗಿ. ಆ ನಾಡೋ ಅವನಿಗಾಗಿ ಕಾದು ನಿಂತಿರಲಿಲ್ಲ. ಹೈಫಾದ ಒಂದು ದಿನವನ್ನು ಕೊಂಡಾಡುವ ನಾವು, ಆ ಕಾಯುವಿಕೆಯ ದಿನಗಳನ್ನೂ ಅವನ ಸೇವೆಯ ಲೆಕ್ಕದಲ್ಲಿ ಸೇರಿಸುವುದು ನ್ಯಾಯ.